ರತ್ನಗಂಬಳಿ ತೊಳೆಯುವವನ ಮೊದಲ ಪಾಠಗಳು

ನೆಲ ಗುಡಿಸುವುದಕ್ಕೂ, ಹಾಸಿದ್ದನ್ನು ತೊಳೆಯುವುದಕ್ಕೂ ಕಲಿಕೆಯೇನು ಬೇಕು ಎಂದು ಕೇಳುವವರು ಸಾಮಾನ್ಯವಾಗಿ ಆ ಕೆಲಸವನ್ನು ತಾವು ಮಾಡಿ ನೋಡದವರು. ಬಡಗಿಯ ಬಳಿ ಮಗನನ್ನು ಬಿಡುವ ತಂದೆಗೆ ವರ್ಷಗಟ್ಟಲೆ ಕಾಯಬೇಕೆಂಬುದು ಗೊತ್ತು. ಕಮ್ಮಾರನ ಕುಲುಮೆಯ ಮುಂದೆ ತಿದಿಯೊತ್ತಲು ಕುಳಿತವನ ಕೈಗೆ ಸುತ್ತಿಗೆ ಬರುವುದು ಎಷ್ಟೋ ದಿನಗಳ ಮೇಲೆ. ಶುಚಿ ಮಾಡುವ ಕೆಲಸಕ್ಕೆ ಮಾತ್ರ ಬೆಳಗ್ಗೆ ಬಂದವನನ್ನು ಸಂಜೆಗೇ ನಿಲ್ಲಿಸಬಹುದೆಂಬ ನಂಬಿಕೆ ನಗರಗಳಲ್ಲಿ ಬೇರೂರಿಬಿಟ್ಟಿದೆ. ಮೈಗೊಂದು ಸಮವಸ್ತ್ರ, ಕೊರಳಿಗೊಂದು ಗುರುತಿನ ಚೀಟಿ, ಕೈಗೊಂದು ಬಕೆಟ್ಟು. ಇಷ್ಟಾಯಿತೆಂದರೆ ತರಬೇತಿ ಮುಗಿಯಿತು. ಈ ನಂಬಿಕೆಗೆ ತೆರಬೇಕಾದ ದಂಡವನ್ನು ನಂಬಿದವರು ತೆರುವುದಿಲ್ಲ, ಬಕೆಟ್ಟು ಹಿಡಿದವನು ತೆರುತ್ತಾನೆ.

ರತ್ನಗಂಬಳಿ ಎಂಬ ಹೆಸರಿನಲ್ಲಿಯೇ ಅರಮನೆಯ ಗಾಳಿಯಿದೆ. ಒಂದು ಕಾಲಕ್ಕೆ ಅದು ಸಿಂಹಾಸನದ ಮುಂದೆ, ದೊಡ್ಡವರ ದಿವಾನಖಾನೆಯಲ್ಲಿ ಮಾತ್ರ ಕಾಣುತ್ತಿದ್ದ ವಸ್ತು. ಇಂದು ಬೆಂಗಳೂರಿನ ಕಚೇರಿಗಳಲ್ಲಿ ಅದು ಗೋಡೆಯಿಂದ ಗೋಡೆಗೆ ಹಬ್ಬಿಕೊಂಡಿದೆ. ನೂರಾರು ಜನ ಒಂದೇ ಹಜಾರದಲ್ಲಿ ಕುಳಿತು ಕೆಲಸ ಮಾಡುವಾಗ ಹೆಜ್ಜೆಯ ಸದ್ದನ್ನೂ ಮಾತಿನ ಗದ್ದಲವನ್ನೂ ಅದು ಹೀರಿಕೊಳ್ಳುತ್ತದೆ ಎಂಬುದೇ ಮುಖ್ಯ ಕಾರಣ. ಹಳೆಯ ರತ್ನಗಂಬಳಿಯಂತೆ ಅದು ಒಂದೇ ಹಾಸಲ್ಲ. ಅರ್ಧ ಮೀಟರು ಅಗಲ, ಅರ್ಧ ಮೀಟರು ಉದ್ದದ ಚೌಕಗಳನ್ನು ಒಂದರ ಪಕ್ಕಕ್ಕೆ ಒಂದು ಅಂಟಿಸಿರುತ್ತಾರೆ. ಕೆಲಸದವರು ಅದನ್ನು ಕಾರ್ಪೆಟ್ ಎಂದೂ, ತೊಳೆಯುವುದನ್ನು ಶಾಂಪೂ ಮಾಡುವುದೆಂದೂ ಹೇಳುತ್ತಾರೆ. ಆ ಕೆಲಸ ನಡೆಯುವುದು ಕಚೇರಿಯ ಜನ ಮನೆಗೆ ಹೋದ ಮೇಲೆ, ರಾತ್ರಿಯ ಹೊತ್ತು. ಆದ್ದರಿಂದ ಮಾಡುವವರ ಮುಖವನ್ನು ನಡೆದಾಡುವವರು ನೋಡಿರುವುದು ಅಪರೂಪ.

ಇಂಥ ಕೆಲಸಕ್ಕೆ ಗದಗಿನ ಕಡೆಯ ಹಳ್ಳಿಯಿಂದ ಬಂದ ಒಬ್ಬ ತರುಣನನ್ನು ಗುತ್ತಿಗೆಯ ಸಂಸ್ಥೆಯೊಂದು ಸೇರಿಸಿಕೊಂಡಿತು. ಎಸ್ಸೆಸ್ಸೆಲ್ಸಿ ಮುಗಿಸಿದ್ದ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅವನಿಗೆ ಕೆಲಸ ಕಲಿಸಲು ನೇಮಿಸಿದ್ದು ಕೋಲಾರದ ಕಡೆಯ ಹಿರಿಯನೊಬ್ಬನನ್ನು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹೋಟೆಲು, ಕಚೇರಿ, ಸಿನಿಮಾ ಮಂದಿರಗಳ ನೆಲದ ಮೇಲೆ ಮೊಣಕಾಲೂರಿ ದುಡಿದವನು ಆತ. ಹೊಸಬನಿಗೆ ಯಂತ್ರದ ಮೇಲೆ ಕಣ್ಣು. ನೀರನ್ನು ಚಿಮುಕಿಸಿ ಮರುಕ್ಷಣವೇ ಹೀರಿಕೊಳ್ಳುವ, ಎರಡು ಹೊಟ್ಟೆಗಳ ಆ ಯಂತ್ರ ಯಾರ ಕಣ್ಣನ್ನಾದರೂ ಸೆಳೆಯುವಂಥದೇ. ಹಿರಿಯ ಅದರ ಬಳಿಗೂ ಅವನನ್ನು ಬಿಡಲಿಲ್ಲ. ಮೊದಲ ದಿನ ಒಂದು ತೊಟ್ಟು ನೀರೂ ಇಲ್ಲ ಎಂದುಬಿಟ್ಟ.

ಮೊದಲ ದಿನದ ಪಾಠ ಬರಿಯ ಧೂಳಿನದು. ಹಾಸಿನೊಳಗೆ ಸೇರಿದ ಕೊಳೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಒಣ ಮಣ್ಣು, ಮರಳು, ನೂಲಿನ ಚೂರು ಎಂಬುದು ಈ ವೃತ್ತಿಯವರ ಅಂದಾಜು. ಅದನ್ನು ಒಣಗಿರುವಾಗಲೇ ತೆಗೆಯಬೇಕು. ನೀರು ಬಿದ್ದರೆ ಮಣ್ಣು ಕೆಸರಾಗಿ ಎಳೆಗಳ ಬುಡಕ್ಕಿಳಿಯುತ್ತದೆ. ಹೊಸಬ ವ್ಯಾಕ್ಯೂಮ್ ಯಂತ್ರವನ್ನು ಹಿಡಿದು, ಹೊಲದಲ್ಲಿ ಕುಂಟೆ ಹೊಡೆಯುವವನ ಉತ್ಸಾಹದಿಂದ ಹಜಾರವನ್ನು ಹತ್ತು ನಿಮಿಷಗಳಲ್ಲಿ ಸುತ್ತಿ ಬಂದ. ಹಿರಿಯ ಏನೂ ಅನ್ನದೆ ಯಂತ್ರದ ಚೀಲವನ್ನು ಬಿಚ್ಚಿ, ಒಳಗಿದ್ದ ಧೂಳನ್ನು ಹಳೆಯ ಪತ್ರಿಕೆಯ ಮೇಲೆ ಸುರಿದ. ಬಳಿಕ ಅದೇ ಜಾಗದಲ್ಲಿ ತಾನು ನಿಧಾನವಾಗಿ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಎಳೆದು, ಎರಡನೆಯ ರಾಶಿಯನ್ನು ಮೊದಲನೆಯದರ ಪಕ್ಕಕ್ಕೆ ಸುರಿದ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಪಾಠವನ್ನು ಬಾಯಲ್ಲಿ ಹೇಳುವ ಅಗತ್ಯ ಬೀಳಲಿಲ್ಲ.

ಧೂಳನ್ನು ಊದಿ ಓಡಿಸುವ ಬದಲು ಒಳಗೆ ಸೆಳೆದುಕೊಳ್ಳಬೇಕೆಂಬ ಯೋಚನೆ ಬಹಳ ಹಳೆಯದೇನೂ ಅಲ್ಲ. 1901ರಲ್ಲಿ ಲಂಡನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವನ್ನು ಹಾಕಿ ಬಾಯಿಂದ ಗಾಳಿಯನ್ನೆಳೆದು, ವಸ್ತ್ರಕ್ಕಂಟಿದ ಕೊಳೆಯನ್ನು ಕಂಡು ತನ್ನ ಯೋಚನೆ ಸರಿಯೆಂದು ನಿಶ್ಚಯಿಸಿಕೊಂಡನಂತೆ. ಅವನ ಯಂತ್ರ ಕುದುರೆ ಎಳೆಯುವ ಬಂಡಿಯಷ್ಟು ದೊಡ್ಡದು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಯನ್ನು ಅದು ಶುಚಿಗೊಳಿಸಿತು. ಆದರೆ ಕೈಯಲ್ಲಿ ಹಿಡಿದು ನಡೆಸುವಂಥ ಯಂತ್ರವನ್ನು ಬಳಕೆಗೆ ತಂದವನು ಇಂಜಿನಿಯರನಲ್ಲ. ಅಮೆರಿಕದ ಒಹಾಯೋ ಸಂಸ್ಥಾನದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನಿಗೆ ಉಬ್ಬಸ. ಗುಡಿಸುವಾಗ ಏಳುವ ಧೂಳು ಪ್ರಾಣಕ್ಕೆ ಬರುತ್ತಿತ್ತು. ಬೀಸಣಿಗೆಯ ಮೋಟರು, ಪೊರಕೆಯ ಹಿಡಿ, ದಿಂಬಿನ ಚೀಲ ಇವನ್ನು ಕೂಡಿಸಿ ಅವನು ಕಟ್ಟಿಕೊಂಡ ಸಾಧನಕ್ಕೆ 1908ರಲ್ಲಿ ಪೇಟೆಂಟ್ ದೊರೆಯಿತು. ಹಕ್ಕನ್ನು ಕೊಂಡವನು ಹೂವರ್. ಇಂಗ್ಲಿಷರ ಮಾತಿನಲ್ಲಿ ನೆಲ ಶುಚಿಮಾಡುವುದಕ್ಕೇ ಆ ಹೆಸರು ಕ್ರಿಯಾಪದವಾಯಿತು. ಕೆಮ್ಮಿದವನ ಹೆಸರು ಕೆಲವರಿಗೆ ಮಾತ್ರ ಗೊತ್ತು.

ಎರಡನೆಯ ದಿನ ಹಿರಿಯ ಒಂದು ಗೋಣಿಚೀಲವನ್ನು ತಂದಿಟ್ಟ. ಅದರ ತುಂಬ ಬೇರೆಬೇರೆ ಕಡೆ ಕಿತ್ತುಹಾಕಿದ ಹಳೆಯ ಹಾಸುಗಳ ತುಂಡುಗಳು. ಇಪ್ಪತ್ತು ವರ್ಷಗಳಲ್ಲಿ ಆತ ಕೂಡಿಹಾಕಿದ ಗ್ರಂಥಭಂಡಾರವೆಂದರೆ ಅದೇ. ಒಂದೊಂದು ತುಂಡಿನಿಂದ ಒಂದೊಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಕಡ್ಡಿ ಗೀರಿ ಸುಟ್ಟು ಮೂಸಿ ನೋಡಬೇಕು. ನೈಲಾನು ಉರಿಯುವ ಬದಲು ಕರಗಿ, ಗಟ್ಟಿಯಾದ ಮಣಿಯಂತೆ ಹೆಪ್ಪುಗಟ್ಟಿತು. ಹತ್ತಿ ಕಾಗದದಂತೆ ಭಗ್ಗನೆ ಹೊತ್ತಿ ಹಗುರವಾದ ಬೂದಿಯಾಯಿತು. ರೇಷ್ಮೆಯೆಂದು ಹೇಳಿ ಮಾರುವ, ನಿಜದಲ್ಲಿ ವಿಸ್ಕೋಸ್ ಆಗಿರುವ ಒಂದು ನುಣುಪಾದ ತುಂಡೂ ಹತ್ತಿಯ ಹಾಗೆಯೇ ಉರಿದು ತನ್ನ ಕುಲವನ್ನು ಬಯಲುಮಾಡಿತು. ನೆನೆದರೆ ಅದರ ಎಳೆ ಬಲಗುಂದುತ್ತದೆ. ಅದನ್ನು ಮುಟ್ಟುವ ಮುನ್ನ ಮೂರು ಸಲ ಯೋಚಿಸಬೇಕು. ನಾಲ್ಕನೆಯ ಎಳೆ ಚಿಟಿಚಿಟಿ ಎಂದು ಸುರುಟಿಕೊಂಡು ನಂದಿತು. ಹೊಸಬ ಮೂಸಿದವನೇ, “ಇದು ನಮ್ಮ ಕಂಬಳಿ ಸುಟ್ಟ ವಾಸನಿ ಐತ್ರೀ ಅಣ್ಣಾರ” ಎಂದ. ಅದು ಉಣ್ಣೆ. ಕುರಿಯ ಉಣ್ಣೆಯೂ ಮನುಷ್ಯನ ತಲೆಗೂದಲೂ ಒಂದೇ ಜಾತಿಯ ದ್ರವ್ಯದಿಂದ ಆದವು. ಸುಟ್ಟ ವಾಸನೆಯೂ ಒಂದೇ. ಕುರಿಹಟ್ಟಿಯ ಪಕ್ಕದಲ್ಲಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ತನಗೆ ಗೊತ್ತಿರುವುದು ಇಲ್ಲಿಯೂ ಸಲ್ಲುತ್ತದೆ ಎಂಬುದೊಂದನ್ನು ತಿಳಿಸಿಕೊಡಬೇಕಾಗಿತ್ತು.

ಆ ಉಣ್ಣೆಯ ಚೂರನ್ನೇ ಹಿರಿಯ ಗಾಜಿನ ಲೋಟದಲ್ಲಿ ಹಾಕಿ, ಶೌಚಗೃಹಗಳಿಗೆ ಬಳಸುವ ಬ್ಲೀಚಿಂಗ್ ದ್ರವವನ್ನು ಅದರ ಮೇಲೆ ಸುರಿದು, ಕಿಟಕಿಯ ಬಳಿಯಿಟ್ಟ. ಇಬ್ಬರೂ ಊಟಕ್ಕೆ ಹೋದರು. ಬಂದು ನೋಡಿದರೆ ಲೋಟದಲ್ಲಿ ಉಣ್ಣೆಯಿಲ್ಲ. ಕಲಕಿದ ನೀರಷ್ಟೇ ಇದೆ. ಬೆಳ್ಳಗಾಗಲೆಂದು ಬ್ಲೀಚ್ ಹಚ್ಚಿದರೆ ಕಲೆಯ ಜೊತೆಗೆ ಗಂಬಳಿಯೇ ಮಾಯವಾಗುತ್ತದೆ ಎಂಬುದನ್ನು ಇನ್ನು ಮರೆಯುವಂತಿರಲಿಲ್ಲ. ಅದೇ ದ್ರವಕ್ಕೆ ಶೌಚದ ಆಮ್ಲವನ್ನು ಬೆರೆಸಿದರೆ ಕ್ಲೋರಿನ್ ಏಳುತ್ತದೆ. 1915ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ. “ಎರಡು ಬಾಟಲು ಒಟ್ಟಿಗೆ ಸೇರಿಸಿದ್ರೆ ಜಾಸ್ತಿ ಶಕ್ತಿ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ, ಬಕೆಟ್ ಅಲ್ಲೇ ಇಟ್ಟು ಹೊರಗೆ ಬಾರಪ್ಪಾ” ಎಂದು ಹಿರಿಯ ಹೇಳಿದ ಮಾತಿನಲ್ಲಿ ತಮಾಷೆಯಿರಲಿಲ್ಲ.

ಮೂರನೆಯ ದಿನ ಬಾಟಲಿಗಳದು. ಎಲ್ಲ ಬಾಟಲಿಗಳ ಮೇಲೂ ಇಂಗ್ಲಿಷು. ಎಷ್ಟು ನೀರಿಗೆ ಎಷ್ಟು ದ್ರವ, ಯಾವ ನೂಲಿಗೆ ಸಲ್ಲದು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಇವೆಲ್ಲವೂ ಸಾಸಿವೆಕಾಳಿನ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಓದಬೇಕಾದವನು ಓದಲಾರನೆಂಬುದು ಅಚ್ಚುಹಾಕಿಸಿದವರಿಗೆ ಹೊಳೆದೇ ಇಲ್ಲವೋ, ಹೊಳೆದರೂ ತಮಗೇನೆಂದರೋ! ಹೀಗಾಗಿ ಬಹುಮಟ್ಟಿಗೆ ಈ ಕೆಲಸ ನಡೆಯುವುದು ಮಗ್ಗಿನ ಅಳತೆಯಲ್ಲಿ, ನೊರೆಯ ನಂಬಿಕೆಯಲ್ಲಿ. ನೊರೆ ಹೆಚ್ಚಿದಷ್ಟೂ ಶುಚಿ ಹೆಚ್ಚು ಎಂಬ ಭ್ರಮೆ ಕೆಲಸದವರಿಗಷ್ಟೇ ಅಲ್ಲ, ಕೆಲಸ ಮಾಡಿಸುವವರಿಗೂ ಇದೆ. ವಾಸ್ತವ ಹಾಗಿಲ್ಲ. ಎಳೆಗಳಲ್ಲಿ ಉಳಿದ ಸಾಬೂನು ಅಂಟಂಟಾಗಿ ಹೊಸ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ತೊಳೆದ ಹದಿನೈದು ದಿನಕ್ಕೆ ಹಾಸು ಮೊದಲಿಗಿಂತ ಕೊಳಕಾದರೆ ಕಾರಣ ಅಲ್ಲಿರುತ್ತದೆ.

ಹಿರಿಯನಿಗೂ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಅವನ ಜೇಬಿನಲ್ಲಿ ಒಂದು ಪುಟ್ಟ ಕಾಗದದ ಕಟ್ಟು ಇರುತ್ತಿತ್ತು. ಅದನ್ನು ಕಂಡೊಡನೆ ತರುಣನ ಮುಖ ಅರಳಿತು. ಲಿಟ್ಮಸ್! ಪ್ರೌಢಶಾಲೆಯ ಪ್ರಯೋಗದ ಮೇಜಿನ ಮುಂದೆ ಮೇಷ್ಟ್ರು ಸರತಿಯಲ್ಲಿ ನಿಲ್ಲಿಸಿ ತೋರಿಸಿದ್ದ ಅದೇ ಕೆಂಪು, ನೀಲಿ ಪಟ್ಟಿಗಳು. ಆಮ್ಲಕ್ಕೆ ನೀಲಿ ಕೆಂಪಾಗುವುದು, ಪ್ರತ್ಯಾಮ್ಲಕ್ಕೆ ಕೆಂಪು ನೀಲಿಯಾಗುವುದು, ಈ ವಾಕ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಅವನು ಎರಡು ಅಂಕ ಪಡೆದಿದ್ದ. ಆ ವಾಕ್ಯಕ್ಕೆ ಒಂದು ಉಪಯೋಗವಿದೆ ಎಂಬ ಸಂಗತಿ ಅವನಿಗೆ ತಿಳಿದದ್ದು ಅಂದು, ಕಚೇರಿಯೊಂದರ ನೆಲಮಾಳಿಗೆಯಲ್ಲಿ. ಬಾಟಲಿಯ ಮೇಲಿನ ಅಕ್ಷರಗಳು ಅರ್ಥವಾಗದಿದ್ದರೂ ಒಳಗಿರುವ ದ್ರವ ಯಾವ ಜಾತಿಯದೆಂದು ಪಟ್ಟಿ ಹೇಳಿತು. ಹಾಗೆಯೇ ಪಿಎಚ್ ಎಂಬ ಅಂಕಿಯನ್ನು ಹುಡುಕುವುದನ್ನು ಹಿರಿಯ ಕಲಿಸಿದ. ಡೆನ್ಮಾರ್ಕಿನ ಸೋರೆನ್ಸನ್ 1909ರಲ್ಲಿ ರೂಢಿಗೆ ತಂದ ಈ ಅಳತೆಯಲ್ಲಿ ಶುದ್ಧಜಲಕ್ಕೆ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದೊಂದು ಅಂಕಿ ಏರಿದಂತೆಲ್ಲ ಕ್ಷಾರಗುಣ ಹತ್ತರಷ್ಟಾಗುತ್ತದೆ. 10 ಎಂದಿರುವ ದ್ರವವನ್ನು ನೈಲಾನು ಸಹಿಸಿಕೊಂಡೀತು. ಉಣ್ಣೆ ಸಹಿಸದು, ಅದಕ್ಕೆ ಏಳರ ಆಸುಪಾಸಿನಲ್ಲೇ ಇರುವುದು ಬೇಕು. ಹಳ್ಳಿಯ ತಾಯಂದಿರು ರೇಷ್ಮೆ ಸೀರೆಗೆ ಬಟ್ಟೆಸೋಡಾ ಮುಟ್ಟಿಸದೆ ಅಂಟುವಾಳದ ನೊರೆಯನ್ನೇ ಬಳಸುತ್ತಿದ್ದ ವಿವೇಕವೂ ಇಂಥದೇ.

ಇದನ್ನೆಲ್ಲ ಹೇಳಿದ ಮೇಲೆ ಹಿರಿಯ ತನ್ನ ಗೋಣಿಚೀಲದಿಂದ ಬೆಳ್ಳನೆಯ ಒಂದು ಚೌಕವನ್ನು ತೆಗೆದು, ಊಟದ ಡಬ್ಬಿಯಲ್ಲಿ ಉಳಿದಿದ್ದ ಸಾಂಬಾರನ್ನು ಅದರ ಮೇಲೆ ಚೆಲ್ಲಿ, “ತೆಗಿ ನೋಡೋಣ” ಎಂದ. ತರುಣ ಕಲೆಯ ಅಂಚಿನಿಂದ ನಡುವಿನ ಕಡೆಗೆ ಬಿಳಿಯ ಬಟ್ಟೆಯಿಂದ ಒತ್ತಿದ. ಉಜ್ಜಲಿಲ್ಲ, ಅಷ್ಟು ಕಲಿತಿದ್ದ. ಬಳಿಕ ಎದುರಿಗಿದ್ದ ಬಾಟಲಿಯಿಂದ ದ್ರವವನ್ನು ಸಿಂಪಡಿಸಿದ. ನೋಡನೋಡುತ್ತ ಹಳದಿಯ ಕಲೆ ರಕ್ತಗೆಂಪಾಯಿತು. ಹೊಸಬರನೇಕರು ಈ ಹಂತದಲ್ಲಿ ಗಾಬರಿಗೊಂಡು ಇನ್ನಷ್ಟು ಸಿಂಪಡಿಸುತ್ತಾರೆ, ಉಜ್ಜುತ್ತಾರೆ, ಕಲೆಯನ್ನು ಅಂಗೈಯಗಲದಿಂದ ಮೊರದಗಲ ಮಾಡುತ್ತಾರೆ. ಈತ ಕೈಬಿಟ್ಟು ನಕ್ಕ. “ಅರಿಷಿಣಕ್ಕ ಸುಣ್ಣ ಬಿದ್ದಂಗಾತಲ್ರೀ ಅಣ್ಣಾರ! ಓಕಳಿ ಆತು.”

ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿಯ ಕೆಂಪನ್ನು ತರುವುದು ಕನ್ನಡನಾಡಿನ ಮನೆಮನೆಯಲ್ಲಿ ಮಕ್ಕಳಿಗೂ ಗೊತ್ತು. ಸುಣ್ಣ ಕ್ಷಾರ, ಬಾಟಲಿಯಲ್ಲಿದ್ದದ್ದೂ ಕ್ಷಾರ. ಲಿಟ್ಮಸ್ಸು ಮಾಡುವ ಕೆಲಸವನ್ನು ಅರಿಸಿನವೂ ಮಾಡುತ್ತದೆ. ಹುಳಿ ಹಾಕಿದರೆ ಕೆಂಪು ಮರಳಿ ಹಳದಿಯಾಗಬೇಕಲ್ಲವೇ ಎಂದು ತರುಣ ತಾನೇ ಕೇಳಿದ. ನಿಂಬೆಯ ಹುಳಿಯನ್ನೇ ಪುಡಿಮಾಡಿದಂತಿರುವ ಸಿಟ್ರಿಕ್ ಆಮ್ಲವನ್ನು ತೆಳ್ಳಗೆ ಕಲಸಿ ತಟ್ಟಿದಾಗ ಕೆಂಪು ಇಳಿಯಿತು. ಹಳದಿ ಮಾತ್ರ ಪೂರ್ತಿ ಹೋಗಲಿಲ್ಲ. ಅರಿಸಿನದ ಬಣ್ಣ ಬಿಸಿಲಿಗೆ ಅಳುಕುತ್ತದೆಯೇ ಹೊರತು ಸಾಬೂನಿಗಲ್ಲ. ಹಬ್ಬದ ಮರುದಿನ ಬಟ್ಟೆ ಒಣಹಾಕುವ ಹೆಂಗಸರಿಗೆ ಅದೂ ಗೊತ್ತಿದ್ದದ್ದೇ. ಚೌಕವನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಬಂದರು. ಕಚೇರಿಯ ನೆಲದಲ್ಲಿ ಹೀಗಾದರೆ ಬೀರುವಿನಡಿಯ ಚೌಕವನ್ನೆತ್ತಿ ಕಲೆಯ ಜಾಗಕ್ಕೆ ಹಾಕುವ ಉಪಾಯವೂ ಇದೆ. ಬೇರೆ ಕಲೆಗಳ ವಿಚಾರವನ್ನು ಹಿರಿಯ ಬೇಗಬೇಗನೆ ಮುಗಿಸಿದ: ಹಾಲು, ಮೊಟ್ಟೆ, ರಕ್ತಗಳಿಗೆ ಬಿಸಿನೀರು ಬೇಡ, ಬೆಂದು ಕಚ್ಚಿಕೊಳ್ಳುತ್ತವೆ, ಕಾಫಿ, ಚಹಾಗಳಿಗೆ ಹುಳಿ ಒಗ್ಗುತ್ತದೆ, ಏನೇ ಹಚ್ಚುವುದಿದ್ದರೂ ಕಾಣದ ಮೂಲೆಯಲ್ಲಿ ಮೊದಲು ಹಚ್ಚಿ, ಬಿಳಿಬಟ್ಟೆಯನ್ನೊತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು.

ನಾಲ್ಕನೆಯ ದಿನ ಕೊನೆಗೂ ಯಂತ್ರ ಕೈಗೆ ಬಂತು. ದೂರದ ಮೂಲೆಯಿಂದ ಆರಂಭಿಸಿ ಬಾಗಿಲ ಕಡೆಗೆ ಬರಬೇಕು; ಇಲ್ಲವಾದರೆ ತೊಳೆದದ್ದನ್ನು ತಾನೇ ತುಳಿಯಬೇಕಾಗುತ್ತದೆ. ಕೊಳವೆಯ ತುದಿಯ ಅಗಲಬಾಯಿಯನ್ನು ಹಿಂದಕ್ಕೆಳೆಯುವಾಗ ಗುಂಡಿಯೊತ್ತಿ ಒಮ್ಮೆ ನೀರು. ಆಮೇಲೆ ಗುಂಡಿ ಬಿಟ್ಟು ಅದೇ ಜಾಗದಲ್ಲಿ ಎರಡು ಮೂರು ಸಲ ಬರಿಯ ಹೀರುವಿಕೆ. ಹೊಸಬರ ಬೆರಳು ಗುಂಡಿಯ ಮೇಲೆಯೇ ಇರುತ್ತದೆ, ಎಳೆತ ಅವಸರದ್ದಾಗಿರುತ್ತದೆ. ಹಿರಿಯ ಅವನ ಬೆನ್ನಹಿಂದೆ ನಿಂತು ಅದೇ ಮಾತನ್ನು ಎಷ್ಟು ಸಲ ಹೇಳಿದನೋ: “ನೀರು ಬಿಡೋಕೆ ಎಲ್ರಿಗೂ ಬರುತ್ತೆ ಕಣಪ್ಪಾ. ಬಿಟ್ಟ ನೀರನ್ನ ವಾಪಸ್ ತಗೊಳ್ಳೋದು ಕಲಿ.” ಹೀರದೆ ಉಳಿದ ನೀರು ಅಡಿಗಿಳಿದು ಅಂಟನ್ನು ಬಿಡಿಸುತ್ತದೆ. ಅಡಿಯಲ್ಲಿ ಸೆಣಬಿನ ಬಟ್ಟೆಯಿದ್ದರೆ ನಿಧಾನವಾಗಿ ಒಣಗುವಾಗ ಅದರ ಕಂದುಬಣ್ಣ ಎಳೆಗಳ ತುದಿಗೇರಿ ಕೂರುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಒಂದು ಹಗಲು ಹೀಗೆ ಬಿಟ್ಟರೆ ಮುಗ್ಗುಲು ವಾಸನೆ. ಮೇಜಿನ ಕಬ್ಬಿಣದ ಕಾಲಡಿಗೆ ಪ್ಲಾಸ್ಟಿಕ್ಕಿನ ಚೂರನ್ನಿಡದಿದ್ದರೆ ಬೆಳಗಾಗುವುದರೊಳಗೆ ತುಕ್ಕಿನ ವೃತ್ತ. ಒದ್ದೆ ಕೈಯಿಂದ ವಿದ್ಯುತ್ ತಂತಿಯನ್ನು ಮುಟ್ಟಬಾರದೆಂಬುದಂತೂ ಸರಿಯೇ ಸರಿ. ಸೋಫಾದ ಕೆಳಗೆ ನಾಣ್ಯವೋ ಓಲೆಯೋ ಸಿಕ್ಕರೆ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಬೇಕು, ಜೇಬಿನ ಸಮೀಪಕ್ಕೂ ಒಯ್ಯಬಾರದು. ಪರರ ಮನೆಯಲ್ಲಿ ಬಡವನ ಕೈಮೇಲೆ ಕಣ್ಣಿರುತ್ತದೆ ಎಂಬುದನ್ನು ಹಿರಿಯ ವಿವರಿಸಲಿಲ್ಲ.

ಆ ಸಂಜೆಯೇ ಸೂಪರ್‌ವೈಸರ್ ಬಂದ. ಒಬ್ಬ ಕೆಲಸಗಾರ ಊರಿಗೆ ಹೋಗಿದ್ದಾನೆ, ದೊಡ್ಡ ಹೋಟೆಲೊಂದರ ಉಣ್ಣೆಯ ರತ್ನಗಂಬಳಿಗೆ ರಾತ್ರಿ ಆಳು ಬೇಕು, ಹೊಸಬನನ್ನು ಒಬ್ಬನನ್ನೇ ಕಳಿಸು ಎಂದ.

“ಇನ್ನೂ ಆಗಿಲ್ಲ ಸಾರ್” ಎಂದ ಹಿರಿಯ.

“ನಾಲ್ಕು ದಿನ ಆಯ್ತಲ್ರೀ. ಅವನೇನು ಇಂಜಿನಿಯರ್ ಆಗ್ಬೇಕಾ? ನೀರು ಬಿಡೋದು, ಎಳೆಯೋದು.”

“ಕಳಿಸ್ತೀನಿ ಸಾರ್. ಗಂಬಳಿ ಹಾಳಾದ್ರೆ ಇವನ ಸಂಬಳದಲ್ಲಿ ಮುರಿಯಲ್ಲ ಅಂತ ನೀವು ಒಂದು ಚೀಟಿ ಬರೆದುಕೊಡಿ.”

ಸೂಪರ್‌ವೈಸರ್ ಸುಮ್ಮನಾದ. ಈ ವೃತ್ತಿಯಲ್ಲಿ ಮುರಿದುಕೊಳ್ಳುವುದೆಂಬುದು ಎಲ್ಲರೂ ಬಲ್ಲ ಮಾತು. ಹೋಟೆಲಿನವರು ಗುತ್ತಿಗೆದಾರನ ಹಣದಲ್ಲಿ ಮುರಿದುಕೊಂಡರೆ ಗುತ್ತಿಗೆದಾರ ಕೆಲಸಗಾರನ ಸಂಬಳದಲ್ಲಿ ಮುರಿದುಕೊಳ್ಳುತ್ತಾನೆ. ಕೆಲಸಗಾರನಿಗೆ ಮುರಿದುಕೊಳ್ಳಲು ಕೆಳಗೆ ಯಾರೂ ಇಲ್ಲ. 1936ರ ವೇತನ ಪಾವತಿ ಕಾಯಿದೆಯೇ, ವಶಕ್ಕೆ ಕೊಟ್ಟ ವಸ್ತುವಿನ ನಷ್ಟ ನೌಕರನ ಅಲಕ್ಷ್ಯ ಅಥವಾ ತಪ್ಪಿನಿಂದ ನೇರವಾಗಿ ಆದದ್ದಾಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದೆಂದು ವಿಧಿಸಿತ್ತು. ಆದರೆ ಕಲಿಸದೆ ಕಳಿಸಿದ್ದು ಯಾರ ಅಲಕ್ಷ್ಯ ಎಂಬ ಪ್ರಶ್ನೆಯನ್ನು ಹುಡುಗನ ಪರವಾಗಿ ಕೇಳುವವರಾರು? ಮನೆಗೆ ಹಣ ಕಳಿಸುವ ಭರವಸೆಯಿತ್ತು ಬಂದವನು ಮೊದಲ ತಿಂಗಳೇ ಬರಿಗೈಯಾದರೆ ಊರಿಗೂ ಮುಖ ತೋರಿಸಲಾರ, ನಗರದಲ್ಲೂ ನಿಲ್ಲಲಾರ. ಹಿರಿಯ ಕೇಳಿದ ಚೀಟಿ ಬರಲಿಲ್ಲ. ಆ ರಾತ್ರಿ ಹೋಟೆಲಿಗೆ ಹಿರಿಯನೇ ಹೋದ. ಹೊಸಬ ಜೊತೆಗೆ ಹೋಗಿ ಬಕೆಟ್ಟು ಹೊತ್ತ, ನೋಡಿದ. ಸುರುಟದಂತೆ, ಬಣ್ಣ ಕದಡದಂತೆ ಉಣ್ಣೆಯನ್ನು ಎಷ್ಟು ಕಡಿಮೆ ನೀರಿನಲ್ಲಿ ತೊಳೆಯುತ್ತಾರೆಂಬುದನ್ನು ಕಂಡು ಬೆರಗಾದ. ಕೆಲಸ ಮುಗಿದಾಗ ಬೆಳಗಿನ ನಾಲ್ಕು ಗಂಟೆ. ಹಿರಿಯನಿಗೆ ಅದು ಸತತ ಎರಡನೆಯ ಪಾಳಿ.

ಐದನೆಯ ರಾತ್ರಿ ಕಚೇರಿಯೊಂದರ ಸಣ್ಣ ಸಭಾಕೋಣೆಯನ್ನು ತರುಣನಿಗೆ ಒಪ್ಪಿಸಿ ಹಿರಿಯ ಹೊರಗೆ ಮೆಟ್ಟಿಲ ಮೇಲೆ ಕುಳಿತ. ನೈಲಾನಿನ ಚೌಕಗಳ ಹಾಸು, ಕೆಟ್ಟರೂ ತಿದ್ದಬಹುದಾದದ್ದು. ವ್ಯಾಕ್ಯೂಮಿನ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಸುಮಾರು ಹತ್ತು ನಿಮಿಷ ಏನೂ ಸದ್ದಿಲ್ಲ. ಸಿಂಪಡಿಸಿದ ದ್ರವಕ್ಕೆ ಕೆಲಸ ಮಾಡಲು ಬಿಡಬೇಕಾದ ಹೊತ್ತು ಅದು. ಅವಸರದವರು ತಿನ್ನುವುದು ಈ ಹೊತ್ತನ್ನೇ. ಬಳಿಕ ಯಂತ್ರದ ಎಳೆತ, ಗುಂಡಿ ಬಿಟ್ಟು ಮತ್ತೊಂದು, ಮಗದೊಂದು. ಕರೆದಾಗ ಹಿರಿಯ ಒಳಹೋಗಿ ನಡುಕೋಣೆಯನ್ನು ನೋಡಲಿಲ್ಲ. ಮೇಜಿನಡಿ ಬಗ್ಗಿ, ಗೋಡೆಯ ಮೂಲೆಗೆ ಬಿಳಿಯ ಬಟ್ಟೆಯನ್ನಿಟ್ಟು, ಅದರ ಮೇಲೆ ತನ್ನ ಮೊಣಕಾಲಿನ ಭಾರ ಹಾಕಿ, ಇಪ್ಪತ್ತು ಎಣಿಸಿ ಎತ್ತಿದ. ಬಟ್ಟೆ ತುಸು ತಣ್ಣಗಿತ್ತು. ಒದ್ದೆಯಾಗಿರಲಿಲ್ಲ, ಕೊಳೆಯೂ ಹತ್ತಿರಲಿಲ್ಲ. ಆ ಬಟ್ಟೆಗೇ ಒಂದು ಲಿಟ್ಮಸ್ ಪಟ್ಟಿಯನ್ನೊತ್ತಿ ದೀಪಕ್ಕೆ ಹಿಡಿದು ನೋಡಿದ. ಕೆಂಪು ಕೆಂಪಾಗಿಯೇ ಇತ್ತು. ಬೀಸಣಿಗೆಗಳನ್ನು ಹಚ್ಚಿ ಇಬ್ಬರೂ ಕೆಳಗಿಳಿದು ಚಹಾ ಕುಡಿದರು.

ಮರುದಿನ ಸರದಿಯ ಪಟ್ಟಿಯಲ್ಲಿ ತರುಣನ ಹೆಸರು ಸೇರಿತು. ಅವನ ಹೆಸರಿನ ಮುಂದೆ, ಉಣ್ಣೆಯ ಗಂಬಳಿಗೆ ಇನ್ನೂ ಮೂರು ತಿಂಗಳು ಒಬ್ಬನನ್ನೇ ಕಳಿಸತಕ್ಕದ್ದಲ್ಲ ಎಂದು ಹಿರಿಯ ಪಟ್ಟುಹಿಡಿದು ಬರೆಸಿದ. ಕನ್ನಡದಲ್ಲಿ ಬರೆಸಿದ.